ದೊಡ್ಡಪ್ಪನ ಕಾರಿನ ಗುಂಯ್ ಶಬ್ದ

ನಿನ್ನೆ ಸುದ್ದಗುಂಟೆಪಾಳ್ಯದಿಂದ ಮನೆಗೆ ಬರುವಾಗ ಹತ್ತಿದ ಬಾಡಿಗೆ ಕಾರಿನ ಹಿಂಭಾಗದಿಂದ ಸಣ್ಣಗೆ ಗುಂಯ್ ಎಂಬ ಶಬ್ದ ಬರುತ್ತಿತ್ತು. ಅಭ್ಯಾಸಬಲದಿಂದ ಸೀಟಿನ ಬೆನ್ನಿಗೆ ಕಿವಿ ಒತ್ತಿ ಕೂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಸಾರ್, ತಲೆ ಸುತ್ತುತ್ತಾ? ಕವರ್ ಕೊಡ್ಲಾ?" ಎಂದ. ನಾನು ವಾಂತಿ ಮಾಡುವವನಲ್ಲ, ಶಬ್ದ ಪರೀಕ್ಷಿಸುವವನು ಎಂದರೆ ಅವನಿಗೆ ಇನ್ನಷ್ಟು ಗಾಬರಿಯಾದೀತೆಂದು ಸುಮ್ಮನಾದೆ. ಈ ಮಹಾವಿದ್ಯೆಯನ್ನು ನಾನು ಕಲಿತದ್ದು ಬನಶಂಕರಿಯ ನಮ್ಮ ದೊಡ್ಡಪ್ಪನ ಕಾರಿನಲ್ಲಿ. ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ.

ಅದು ಹಳೇ ಕಾಲದ ಕಾರು. ಎಂಜಿನ್ ಮುಂದೆ, ಅದು ತಿರುಗಿಸಬೇಕಾದ ಚಕ್ರಗಳು ಹಿಂದೆ. ಹಿಂದಿನ ಆಕ್ಸಲಿನ ನಡುವೆ ಒಂದು ಗುಂಡು ಹೊಟ್ಟೆ, ಅದರೊಳಗೆ ಕ್ರೌನ್ ಎಂಬ ಹಲ್ಲಿನ ಚಕ್ರ. ಕೆಲವು ವರ್ಷಗಳ ಹಿಂದೆ ಹಿಂದಿನಿಂದ ಶಬ್ದ ಶುರುವಾಯಿತು ನೋಡಿ, ಬೀದಿಗೆ ಬೀದಿಯೇ ಡಾಕ್ಟರಾಯಿತು. ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಟದ ಎದುರುಮನೆಯ ಅಂಕಲ್, "ಗೇರ್ ಆಯಿಲ್ ಕಮ್ಮಿಯಾಗಿದೆ, ಅಷ್ಟೇ" ಎಂದು ತೀರ್ಪು ಕೊಟ್ಟರು. ಮಹಡಿ ಮೇಲೆ ಬಾಡಿಗೆಗಿದ್ದ ಹುಬ್ಬಳ್ಳಿಯವರು, "ನೀವು ಗೇಟಿಗೆ ಬಂದ್ರ ವಿಮಾನ ಬಂದಂಗಾಗ್ತದ್ರೀ ಸರ" ಎಂದರು. ದೊಡ್ಡಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದರು.

ಗ್ಯಾರೇಜಿನವನು ಮಾತ್ರ ದಾಕ್ಷಿಣ್ಯಕ್ಕೆ ಎರಡು ರೋಗ ಹೇಳಿದ. "ಟಯರ್ ಸವೆದಿದ್ರೂ ಹಿಂಗೇ ಬರುತ್ತೆ, ಕ್ರೌನ್ ಹೋಗಿದ್ರೂ ಹಿಂಗೇ ಬರುತ್ತೆ. ನೈಸ್ ಆಗಿರೋ ರೋಡಲ್ಲಿ ಓಡ್ಸಿ ನೋಡಿ ಸಾರ್. ಶಬ್ದ ನಿಂತ್ರೆ ಟಯರು. ನಿಲ್ಲದೆ, ಆಕ್ಸಿಲೇಟರ್ ಒತ್ತಿದಾಗ ಜಾಸ್ತಿ, ಬಿಟ್ಟಾಗ ಕಮ್ಮಿ ಆದ್ರೆ ಕ್ರೌನು. ಅದರ ಸಾಮಾನು ಈಗ ಎಲ್ಲೂ ಸಿಗಲ್ಲ."

ದೊಡ್ಡಪ್ಪನ ಮಗ ಮಹೇಶ ಇದಕ್ಕೇ ಕಾಯುತ್ತಿದ್ದ. ಗೇಟಿನೊಳಗೆ ಅವನ ಹೊಸ ಕಾರಿಗೆ ಜಾಗವಿರಲಿಲ್ಲ. "ಕ್ರೌನ್ ಅಂತಾದ್ರೆ ಗುಜರಿಗೆ ಹಾಕ್ಬಿಡೋಣ ಅಪ್ಪ. ಮಾತು ಅಂದ್ರೆ ಮಾತು" ಎಂದ. ದೊಡ್ಡಪ್ಪ ಒಪ್ಪಿದರು, ಆದರೆ ಮುಖ ಸಣ್ಣದಾಯಿತು. ಕಾರಣ ಪುಟ್ಟೇನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ ಅವರ ಅಕ್ಕ, ಅಂದರೆ ನನ್ನ ಸೋದರತ್ತೆ. ಅತ್ತೆಯ ಬಲ ಮಂಡಿ ಮಡಚುತ್ತಿರಲಿಲ್ಲ. ಆಟೋ ಆಗದು, ಎತ್ತರದ ಹೊಸ ಕಾರುಗಳೂ ಆಗವು. ಈ ಕಾರಿನ ಅಗಲವಾದ ಹಿಂದಿನ ಸೀಟಿನಲ್ಲಿ ಮಾತ್ರ ಅಡ್ಡ ಕೂತು ಕಾಲು ಚಾಚಬಹುದಿತ್ತು. ಪ್ರತಿ ಸೋಮವಾರ ದೊಡ್ಡಪ್ಪ ಅವರನ್ನು ಜಯನಗರದ ಮಾರ್ಕೆಟ್ಟಿಗೆ ಕರೆದೊಯ್ಯುತ್ತಿದ್ದರು. ಅತ್ತೆ ಇಳಿಯುತ್ತಿರಲಿಲ್ಲ. ಹುರುಳಿಕಾಯಿಯೇ ಕಿಟಕಿಗೆ ಬಂದು ಸಂದರ್ಶನ ಕೊಟ್ಟು, ಬೈಸಿಕೊಂಡು ಹೋಗಬೇಕಿತ್ತು. ಆ ಕಾರು ಹೋದರೆ ಅವರು ಮನೆ ಬಿಟ್ಟು ಹೊರಡುವಂತಿರಲಿಲ್ಲ.

ಪರೀಕ್ಷೆಗೆ ನೈಸಾದ ರಸ್ತೆ ಬೇಕಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಅದನ್ನು ಹುಡುಕಲು ನಮ್ಮ ಒಂದು ಭಾನುವಾರ ಹೋಯಿತು. ಜಯನಗರದಲ್ಲಿ ನೀರಿನ ಪೈಪಿಗೆ ಅಗೆದಿದ್ದರು, ಜೆ.ಪಿ. ನಗರದಲ್ಲಿ ಕೇಬಲ್ಲಿಗೆ ಅಗೆದಿದ್ದರು, ಬಿ.ಟಿ.ಎಂ.ನಲ್ಲಿ ಯಾಕೆ ಅಗೆದದ್ದೆಂದು ಅಗೆದವರಿಗೂ ಮರೆತಿತ್ತು. ಸೋತು, ಪುಟ್ಟೇನಹಳ್ಳಿ ದಾರಿಯಲ್ಲೇ ಸಿಗುತ್ತದೆಂದು ಅತ್ತೆಯನ್ನೂ ಹತ್ತಿಸಿಕೊಂಡೆವು. ಪುಣ್ಯಕ್ಕೆ ಯಾರೋ ಮಂತ್ರಿಗಳು ಬರುವವರಿದ್ದಾರೆಂದು ಅಲ್ಲೇ ಸಮೀಪದ ಒಂದು ರಸ್ತೆಗೆ ರಾತ್ರೋರಾತ್ರಿ ಟಾರು ಬಂದಿತ್ತು.

ಮಹೇಶ ಓಡಿಸುತ್ತಿದ್ದ. ಪಕ್ಕದಲ್ಲಿ ತಜ್ಞನಾಗಿ ನಾನು. ಹಿಂದೆ ಅತ್ತೆ ಕಾಲು ಚಾಚಿ ಕೂತಿದ್ದರು. ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಪ್ಪ ಸೀಟಿಗೆ ಕಿವಿ ಕೊಟ್ಟಿದ್ದರು. ಮಹೇಶ ಆಕ್ಸಿಲೇಟರ್ ಒತ್ತಿದ. ಗುಂಯ್. ಬಿಟ್ಟ. ತಗ್ಗಿತು. ಮತ್ತೆ ಒತ್ತಿದ. ಗುಂಯ್. ಅಷ್ಟು ಸ್ಪಷ್ಟವಾದ ಉತ್ತರವನ್ನು ಬೆಂಗಳೂರಿನ ಯಾವ ರಸ್ತೆಯೂ ಯಾರಿಗೂ ಕೊಟ್ಟಿರಲಾರದು.

ಕಾರು ನಿಲ್ಲಿಸಿ ಮಹೇಶ, "ಏನಪ್ಪ?" ಎಂದ.

ದೊಡ್ಡಪ್ಪ ಕಿವಿ ಎತ್ತಲೇ ಇಲ್ಲ. "ಟಯರು" ಎಂದರು.

"ಟಯರೇ ಕಣೋ ರುದ್ರ" ಎಂದು ಅತ್ತೆ ತಮ್ಮನಿಗೆ ದನಿಗೂಡಿಸಿದರು. ಅವರಿಗೆ ಟಯರಿಗೂ ಕೋಡುಬಳೆಗೂ ಇದ್ದ ವ್ಯತ್ಯಾಸ ಗೊತ್ತಿದ್ದದ್ದು ಕರಿಯುವ ವಿಷಯದಲ್ಲಿ ಮಾತ್ರ.

ನಾನು ಬಾಯಿ ತೆರೆದೆ. ಮಹೇಶ ಕನ್ನಡಿಯಲ್ಲಿ ಹಿಂದಿನ ಸೀಟನ್ನು ಸ್ವಲ್ಪ ಹೊತ್ತು ನೋಡಿ, "ಸರಿ, ಟಯರ್ ಹಾಕ್ಸೋಣ" ಎಂದ. ನಾನು ಬಾಯಿ ಮುಚ್ಚಿದೆ. ಹೀಗೆ ನಾಲ್ಕು ಹೊಸ ಟಯರು ಹಾಕಿಸಿಕೊಂಡ ಕಾರು ಮೊದಲಿನ ಹಾಗೆಯೇ ಗುಂಯ್ ಎನ್ನುತ್ತ ಸೋಮವಾರಗಳಂದು ಮಾರ್ಕೆಟ್ಟಿಗೆ ಹೋಗಿಬರುತ್ತಿತ್ತು. ಯಾರಾದರೂ ಕೇಳಿದರೆ ದೊಡ್ಡಪ್ಪ, "ಹೊಸ ಟಯರಲ್ವೆ, ಪಳಗಬೇಕು" ಎನ್ನುತ್ತಿದ್ದರು. ಆ ಟಯರುಗಳು ಸವೆದು ನುಣ್ಣಗಾಗುವವರೆಗೂ ಪಳಗುತ್ತಲೇ ಇದ್ದವು. ನಾವೆಲ್ಲ ಬೆನ್ನ ಹಿಂದೆ ನಕ್ಕೆವು.

ಅತ್ತೆ ತೀರಿಕೊಂಡು ಒಂದು ತಿಂಗಳಾಯಿತು. ಇವತ್ತು ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿದ್ದರು. ಊಟ ತಿಂಡಿ ವಿಚಾರಿಸಿದರು. ಆಮೇಲೆ ಹವಾಮಾನ ಹೇಳುವಷ್ಟು ಸಲೀಸಾಗಿ, "ಕಾರಿಂದು ಕ್ರೌನ್ ಹೋಗಿದೆ ಕಣಪ್ಪ. ಗುಜರಿಯವರು ಯಾರಾದ್ರೂ ಗೊತ್ತಿದ್ರೆ ಹೇಳು" ಎಂದರು.

ಇಷ್ಟು ವರ್ಷ ಗೇಲಿ ಮಾಡಿದ ನಾನೇ, "ಅವಸರ ಬೇಡ ದೊಡ್ಡಪ್ಪ," ಎಂದೆ. "ಸೋಮವಾರ ಬರ್ತೀನಿ. ಇಬ್ರೂ ಒಂದು ರೌಂಡ್ ಹೋಗಿ, ಇನ್ನೊಂದ್ಸಲ ಕೇಳಿ ನೋಡೋಣ."