ರೇಡಿಯೇಟರಿನ ಕೆನೆ

ಸಿದ್ದಲಿಂಗ ಹುಟ್ಟಿದ್ದು ಶಿರಗುಪ್ಪಿಯ ಕಬ್ಬಿನ ನಡುವೆ. ಆಯುಷ್ಯ ಕಳೆದದ್ದು ಸಕ್ಕರೆ ಕಾರ್ಖಾನೆಯಲ್ಲಿ. ರಸ ಕುದಿಸುವ ದೊಡ್ಡ ಹಂಡೆಗಳ ಕಬ್ಬಿಣದ ಕೊಳವೆಗಳಲ್ಲಿ ಕಲ್ಲಿನಂತೆ ಕಟ್ಟಿದ ಮಡ್ಡಿಯನ್ನು ಕಾಸ್ಟಿಕ್ ಸೋಡಾ ಸುರಿದು, ಕುದಿಸಿ ತೊಳೆಯುವುದು ಅವನ ಕೆಲಸ. ನಿವೃತ್ತನಾದ ಮೇಲೂ ಮನೆಯ ಮೋರಿಗೆ, ಜಿಡ್ಡು ಹಿಡಿದ ಗೋಡೆಗೆ ಅದೇ ಮದ್ದು. ಅವನ ಅಂಗೈಯ ಗೆರೆಗಳು ಎಂದೋ ಅಳಿಸಿಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋಗಿದ್ದ.

ಹೆಂಡತಿ ಶಿವಗಂಗವ್ವನ ಕಿಡ್ನಿಗಳು ಸೋತಿದ್ದವು. ವಾರಕ್ಕೆರಡು ಸಲ ಮಿರಜಿನಲ್ಲಿ ಡಯಾಲಿಸಿಸ್. ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟುತ್ತಿತ್ತು. ಆ ಓಡಾಟಕ್ಕೆಂದೇ ಕೊಂಡ ಹಳೆಯ ಕಾರಿನ ರೇಡಿಯೇಟರಿನಲ್ಲಿ ಈಗ ಹಾಲು ಹೆಚ್ಚಾದ ಚಹದಂಥ ಕೆನೆ. ಎಂಜಿನ್ನಿನ ಆಯಿಲ್ ನೀರಿಗೆ ಸೇರಿತ್ತು. ಗ್ಯಾರೇಜಿನ ಅಕ್ಬರಸಾಬ ಒಳಗೇ ಸೋರುತ್ತಿದ್ದ ಆಯಿಲ್ ಕೂಲರ್ ಬದಲಿಸಿದ.

"ಕಾಕಾ, ಸೋರೂದು ನಿಂತೈತಿ. ಆದ್ರ ಒಳಗೆಲ್ಲಾ ಜಿಡ್ಡ ಕುಂತೈತಿ. ಬಟ್ಟಿ ಒಗಿಯೋ ಪುಡಿ, ಬಿಸಿನೀರು ಹಾಕಿ, ಗಾಡಿ ಚಾಲೂ ಮಾಡಿ, ಬಸದು, ಮತ್ತ ಹಾಕಬೇಕು, ನೀರು ತಿಳಿ ಆಗೂತನಕ. ನಾಳಿ ಸಂಜಿಗೆ ಒಯ್ರಿ."

"ನಾಳಿ ಮುಂಜಾನೆ ಮಿರಜಿಗೆ ಹೋಗೂದೈತೋ!"

"ಬ್ಯಾರೆ ಗಾಡಿ ಹಿಡೀರಲಾ."

"ಮಂದಿ ಗಾಡ್ಯಾಗ ವಾಂತಿ ಆದ್ರ ಆಕಿ ನಾಚಿಕೀಲೆ ಸಾಯ್ತಾಳ. ಕಾರ್ಖಾನಿ ತೊಳದಾಂವ ನಾನು, ಇಷ್ಟ ಡಬ್ಬಿ ತೊಳಿಯಾಕ ಬರೂದಿಲ್ಲೇನು?"

"ಇದು ತೆಳ್ಳನ ಅಲ್ಯೂಮಿನಿಯಂ ಐತ್ರಿ ಕಾಕಾ. ಕಾಸ್ಟಿಕ್ ಗೀಸ್ಟಿಕ್ ಹಾಕೀರಿ ಮತ್ತ, ತಿಂದ ಬಿಡ್ತೈತಿ!"

"ನಿನ್ನ ದುಕಾನ ಬಂದ್ ಬಿದ್ದೀತಂತ ಹೆದರಿಕಿ ನಿನಗ" ಎಂದು ನಕ್ಕು ಸಿದ್ದಲಿಂಗ ಕಾರನ್ನು ಮನೆಗೆ ತಂದ.

ಮಧ್ಯಾಹ್ನ ಕಾಸ್ಟಿಕ್ ಕಲಸಿ ಸುರಿದ. ರೇಡಿಯೇಟರ್ ಬುಸುಗುಟ್ಟಿತು. ನೊರೆ ಉಕ್ಕಿತು, ಘಾಟಿಗೆ ಅಂಗಳದ ಕೋಳಿಗಳು ದೂರ ಸರಿದವು. ಹಂಡೆಯ ಕೊಳವೆಗಳೂ ಹೀಗೇ ಸದ್ದು ಮಾಡುತ್ತಿದ್ದವಲ್ಲ ಎಂದು ಅವನಿಗೆ ಹಿಗ್ಗು.

ಹೊಸ್ತಿಲಲ್ಲಿ ಕೂತಿದ್ದ ಶಿವಗಂಗವ್ವ ಕೇಳಿದಳು: "ರೀ, ಅದ್ಯಾಕ ಉಬ್ಬಸ ಹತ್ತಿದವರಗತೆ ಸಪ್ಪಳ ಮಾಡಾಕತ್ತೈತಿ?"

"ಹೊಲಸು ಬಿಡಾಕತ್ತೈತಿ. ನಾಳಿ ನಿನ್ನೂ ಹಿಂಗ ತೊಳೀತಾರ, ತಗೋ."

ಸಂಜೆ ಬಸಿದಾಗ ಕೆನೆಯೆಲ್ಲ ಕಿತ್ತು ಬಂತು. ಆಮೇಲೆ ಹಾಕಿದ ನೀರು ಕನ್ನಡಿಯಂತೆ ತಿಳಿಯಾಗಿತ್ತು.

ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲ ಒದ್ದೆ. ನಿನ್ನೆ ತೊಳೆದ ನೀರಿರಬೇಕು ಎಂದುಕೊಂಡು ಕಾಲಿನಿಂದ ಮಣ್ಣೆಳೆದ.

ಕಾಗವಾಡ ದಾಟುತ್ತಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಎರಡೂ ಬದಿ ಆಳೆತ್ತರದ ಕಬ್ಬು, ಗಾಳಿ ಹೊಗುತ್ತಿರಲಿಲ್ಲ. ಕೊನೆಗೆ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದು ಎಂಜಿನ್ ನಿಂತೇ ಹೋಯಿತು. ಸಿದ್ದಲಿಂಗ ಇಳಿದು ನೋಡಿದ. ರೇಡಿಯೇಟರ್ ಜರಡಿಯಾಗಿತ್ತು. ಬಟ್ಟೆ ಸುತ್ತಿದ ಬೆರಳು ತಾಗಿಸಿದರೆ ತಗಡು ಹಪ್ಪಳದಂತೆ ಮುರಿಯಿತು. ಕಾರಿನಲ್ಲಿದ್ದ ಕ್ಯಾನಿನ ನೀರು ಸುರಿದ. ಆಮೇಲೆ, ದಿನಕ್ಕಿಷ್ಟೇ ಕುಡಿಯಬೇಕೆಂದು ಡಾಕ್ಟರು ಶಿವಗಂಗವ್ವನಿಗೆ ಗೊತ್ತುಮಾಡಿದ್ದ ನೀರಿನ ಸಣ್ಣ ಬಾಟಲಿಯನ್ನೂ. ಎಲ್ಲ ರಸ್ತೆಗೆ ಇಳಿಯಿತು.

"ಏನಾತ್ರಿ?" ಹಿಂದಿನ ಸೀಟಿನಿಂದ ದನಿ. "ನನಗ ಉಸಿರು ಸಾಲವಲ್ದು."

ಅವನು ರಸ್ತೆ ನಡುವೆ ನಿಂತು ಗೆರೆಯಿಲ್ಲದ ಕೈ ಎತ್ತಿದ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಒಂದರ ಹಿಂದೊಂದು ಬರುತ್ತಿದ್ದವು. ಕಾರ್ಖಾನೆಯ ಹಳೆಯ ಕಾಕಾನನ್ನು ಗುರುತಿಸಿದ ಡ್ರೈವರೊಬ್ಬ, ನಮಸ್ಕಾರವೆಂದು ತಿಳಿದು, ತಾನೂ ಕೈ ಎತ್ತಿ ಹಾರ್ನ್ ಬಾರಿಸಿ ಬದಿಯಿಂದ ಹೋದ. ಧೂಳು ಕೂತ ಮೇಲೆ ಕಾರಿನ ಕಡೆಯಿಂದ ಬುಸುಗುಡುವ ಸದ್ದೊಂದೇ ಉಳಿಯಿತು. ರೇಡಿಯೇಟರಿನದಿರಬೇಕೆಂದು ಸಿದ್ದಲಿಂಗ ತಿರುಗಿ ನೋಡಿದ. ಅದು ಆಗಲೇ ತಣ್ಣಗಾಗಿತ್ತು.