ಗುಡುಸಾಬನ ಹತ್ತು ನಿಮಿಷ

ಬೆಟಗೇರಿಯಲ್ಲಿ ನನ್ನ ಚುರಮುರಿ-ಪುಠಾಣಿ ಅಂಗಡಿಗೆ ಹತ್ತಿಕೊಂಡೇ ಗುಡುಸಾಬನ ವಾಚ್ ರಿಪೇರಿ ಅಂಗಡಿ. ಅಂಗಡಿ ಅಂದರೆ ದೊಡ್ಡದೇನಲ್ಲ, ಅವನು ಕೂತರೆ ಗಿರಾಕಿ ಹೊರಗೆ ನಿಲ್ಲಬೇಕು. ಮನೆಗಳೂ ಹಾಗೇ, ನಮ್ಮದಕ್ಕೂ ಅವನದಕ್ಕೂ ನಡುವೆ ಒಂದೇ ಗೋಡೆ. ಹೀಗಾಗಿ ಅವನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಅವನಿಗೆ ಯಾರಾದರೂ ಏನಾದರೂ ಅಂದರೆ ನನಗೆ ಸಿಟ್ಟು ಬರುವುದೂ ಜಾಸ್ತಿ.

ಅವನು ಕೆಲಸ ಕಲಿತದ್ದು ಮುಂಡರಗಿಯಲ್ಲಿ, ಸೋದರಮಾವನ ಕೈಕೆಳಗೆ. ಲಕ್ಷ್ಮೇಶ್ವರದ ಸುಗ್ರಾಬಿಯನ್ನು ಮದುವೆಯಾಗಿ ಬೆಟಗೇರಿಗೆ ಬಂದು ಕೂತ. ಮಕ್ಕಳಾಗಲಿಲ್ಲ. ಕೀ ಕೊಡುವ ವಾಚುಗಳ ಕಾಲ ಮುಗಿದು ಸೆಲ್ ವಾಚು ಬಂತು, ಮೊಬೈಲ್ ಬಂದು ಅದನ್ನೂ ನುಂಗಿತು. ಗುಡುಸಾಬ ಸೆಲ್ಲನ್ನೇ ಹಿಡಿದುಕೊಂಡು ಉಳಿದ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲೂ ನಾಣ್ಯದಷ್ಟು ಅಗಲದ ಒಂದು ಸೆಲ್ ಇರುತ್ತದೆ, ಕರೆಂಟು ಹೋದಾಗ ಒಳಗಿನ ಗಡಿಯಾರ ನಡೆಸುವುದು ಅದೇ ಎಂದು ನನಗೆ ಹೇಳಿದವನು ಅವನು. ಅದನ್ನು ಬದಲಾಯಿಸುವುದನ್ನು ಕಲಿತಿದ್ದ. ಕಂಪ್ಯೂಟರಿನಲ್ಲಿ ಬೇರೇನೂ ಅವನಿಗೆ ಬಾರದು. "ಸೆಲ್ ಅಷ್ಟ ನಂದು, ಉಳಿದದ್ದು ಅವರದು" ಎನ್ನುತ್ತಿದ್ದ.

ಎದುರಿಗೇ ಬಸ್ ಸ್ಟಾಪು. ಮುಂಡರಗಿಗೆ, ಶಿರಹಟ್ಟಿಗೆ ಹೊರಟವರೆಲ್ಲ ಅವನ ಅಂಗಡಿಯ ಗೋಡೆ ಗಡಿಯಾರ ನೋಡಿಯೇ ಚಹಾ ಕುಡಿಯುವುದೋ ಬಿಡುವುದೋ ತೀರ್ಮಾನ ಮಾಡುತ್ತಿದ್ದರು. ಯಾರದೂ ಬಸ್ಸು ತಪ್ಪಬಾರದೆಂದು ಗುಡುಸಾಬ ಅದನ್ನು ಹತ್ತು ನಿಮಿಷ ಮುಂದಿಟ್ಟಿದ್ದ. ವಾಚ್ ರಿಪೇರಿಯವನ ಗಡಿಯಾರವೇ ಸುಳ್ಳು ಹೇಳುತ್ತದಲ್ಲೋ ಎಂದು ನಾನು ಚುಡಾಯಿಸಿದರೆ, ಈ ಸುಳ್ಳಿನಿಂದ ಯಾರ ಮನೆಯೂ ಹಾಳಾಗಿಲ್ಲ ಎಂದು ನಗುತ್ತಿದ್ದ. ತಾನು ನೋಡುವಾಗ ಮಾತ್ರ ಹತ್ತು ನಿಮಿಷ ಕಳೆದೇ ನೋಡುತ್ತಿದ್ದ. ಅದು ಅವನಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ನಮ್ಮ ಓಣಿಯ ಮಸೀದಿಯಲ್ಲಿ ರಮಜಾನ್ ತಿಂಗಳು ಬೆಳಗಿನ ಸಹರಿ ಊಟ ಮುಗಿಸುವುದಕ್ಕೂ ಸಂಜೆ ಉಪವಾಸದ ರೋಜಾ ಬಿಡುವುದಕ್ಕೂ ಸೈರನ್ ಹಾಕುತ್ತಾರೆ. ವರ್ಷಾನುಗಟ್ಟಲೆ ಅದರ ಬಟನ್ ಒತ್ತಿದ್ದು ಗುಡುಸಾಬನ ಕೈ. ಮೊಣಕಾಲು ನೋವಿನಿಂದ ಮಸೀದಿಯ ಮೆಟ್ಟಿಲು ಹತ್ತಲಾಗದಂತಾದಾಗ, ಕಮಿಟಿಯ ಇನಾಯತ, ಬ್ಯಾಟರಿ ಸತ್ತು ಕರೆಂಟಿನ ಮೇಲಷ್ಟೇ ನಡೆಯುವ ಒಂದು ಹಳೇ ಲ್ಯಾಪ್‌ಟಾಪ್ ತಂದಿಟ್ಟ. ತಿಂಗಳ ವೇಳೆಯನ್ನೆಲ್ಲ ಒಮ್ಮೆ ತುಂಬಿಟ್ಟರೆ ಆಯಿತು, ಸೈರನ್ ತಾನೇ ಕೂಗುತ್ತಿತ್ತು. ನಾವು ಲಿಂಗಾಯತರೂ ಆ ಕೂಗಿಗೇ ದನ ಕಟ್ಟುತ್ತಿದ್ದೆವು, ದೀಪ ಹಚ್ಚುತ್ತಿದ್ದೆವು.

ಹೋದ ವರ್ಷದ ಹೊತ್ತಿಗೆ ಸುಗ್ರಾಬಿಗೆ ಸಕ್ಕರೆ ಕಾಯಿಲೆ ಏರಿ ಕಿಡ್ನಿಗೆ ತಟ್ಟಿತ್ತು. ಮೂರು ಹೊತ್ತು ಗುಳಿಗೆ. ಉಪವಾಸದ ಹೆಸರನ್ನೂ ಎತ್ತಬೇಡಿರೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹುಡುಗಿಯಾಗಿದ್ದಾಗಿನಿಂದ ತಿಂಗಳಿಡೀ ರೋಜಾ ಹಿಡಿದ ಹೆಂಗಸು, ಓಣಿಯವರೆಲ್ಲ ಹಿಡಿದಿರುವಾಗ ತಾನು ಮಧ್ಯಾಹ್ನ ಗಂಜಿ ಕುಡಿಯುತ್ತ ಕೂತಿರುವುದಕ್ಕೆ ಅಳುತ್ತಿದ್ದಳು. ಒಂದೇ ಒಂದು, ಎಲ್ಲಕ್ಕಿಂತ ಪುಣ್ಯದ್ದೆನ್ನುವ ಇಪ್ಪತ್ತೇಳನೆಯ ರೋಜಾ ಮಾತ್ರ ಹಿಡಿಯಲು ಬಿಡಿ, ಮತ್ತೆ ಕೇಳುವುದಿಲ್ಲ ಎಂದು ಗಂಡನ ಬೆನ್ನು ಹತ್ತಿದಳು. ಗುಡುಸಾಬ ಬೇಡವೆಂದ, ಜಗಳ ಮಾಡಿದ, ಕೊನೆಗೆ ಒಪ್ಪಿದ.

ಆ ಇಪ್ಪತ್ತೇಳನೆಯ ದಿನವೇ ನಸುಕಿನಲ್ಲಿ ಸೈರನ್ ಕೂಗಲಿಲ್ಲ. ರಾತ್ರಿ ಕರೆಂಟು ಹೋಗಿ ಬಂದಿತ್ತು, ಲ್ಯಾಪ್‌ಟಾಪಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಮಧ್ಯಾಹ್ನ ಇನಾಯತ ಅದನ್ನು ಬಗಲಲ್ಲಿ ಹಿಡಿದು ಬಂದ. ಗುಡುಸಾಬ ಬೆನ್ನಿನ ಸ್ಕ್ರೂಗಳನ್ನು ತೆಗೆದು ಚಹಾದ ಬಸಿಯಲ್ಲಿಟ್ಟ. ಹಳದಿ ಪ್ಲಾಸ್ಟಿಕ್ ಸುತ್ತಿದ, ಎರಡು ಎಳೆ ವೈರಿನ ಸೆಲ್ಲು ಬಿಡಿಸಿದ, ಹೊಸದು ಕೂರಿಸಿದ. ಕೈ ಕೆಲಸದಲ್ಲಿದ್ದರೂ ಮನಸ್ಸು ಮನೆಯಲ್ಲಿತ್ತು. ಆಕೆಗೆ ತಲೆ ಸುತ್ತಿದೆಯೋ ಏನೋ ನೋಡಿ ಬಾ ಎಂದು ನನ್ನನ್ನು ಎರಡು ಸಲ ಕಳಿಸಿದ್ದ. ಚಾಲೂ ಮಾಡಿದಾಗ ಲ್ಯಾಪ್‌ಟಾಪು ತಾರೀಖು ಕೇಳಿತು, ವೇಳೆ ಕೇಳಿತು. ಗುಡುಸಾಬ ಕತ್ತೆತ್ತಿ ಗೋಡೆ ಗಡಿಯಾರ ನೋಡಿ ಅದರಲ್ಲಿದ್ದಷ್ಟನ್ನೂ ತುಂಬಿದ, ಹತ್ತು ಕಳೆಯಲಿಲ್ಲ. ಆನೆಯೂ ಅಡಿ ತಪ್ಪುತ್ತದೆ ಅನ್ನುತ್ತಾರೆ. ತಪ್ಪಲಿ, ಆದರೆ ಆ ದಿನವೇ ತಪ್ಪಬೇಕಿತ್ತೇ?

ಸಂಜೆ ಸೈರನ್ ಕೂಗಿತು. ಗುಡುಸಾಬ ಹೆಂಡತಿಯ ಎದುರು ಖರ್ಜೂರದ ತಟ್ಟೆ ಹಿಡಿದು ಕೂತಿದ್ದ. ಆಕೆ ಒಂದು ಬಾಯಿಗಿಟ್ಟು ನೀರು ಕುಡಿದಳು. ಅವನದಿನ್ನೂ ಕೈಯಲ್ಲೇ ಇತ್ತು, ಅಷ್ಟರಲ್ಲಿ ಮೈಕಿನಲ್ಲಿ ಇನಾಯತನ ದನಿ ಬಂತು. ಹೊತ್ತು ಮುಳುಗಿಲ್ಲ, ಯಾರೂ ಬಿಡಬೇಡಿ, ಬಿಟ್ಟವರು ಹಬ್ಬವಾದ ಮೇಲೆ ಬದಲಿ ರೋಜಾ ಹಿಡಿಯಬೇಕು ಎಂದು ಅವನು ಉರ್ದುವಿನಲ್ಲಿ ಗಡಬಡಿಸಿ ಹೇಳುತ್ತಿದ್ದ. ಮಂದಗಿವಿಯ ಸುಗ್ರಾಬಿ ಏನಂತೆ ಎಂದು ಕೇಳಿದಳು. ಯಾರದೋ ಹುಡುಗ ಕಳೆದಿದ್ದಾನಂತೆ ಎಂದ ಗುಡುಸಾಬ. ಆಕೆ ತನ್ನನ್ನೇ ನೋಡುತ್ತಿದ್ದಾಳೆಂದು, ಗೊತ್ತಿದ್ದೂ ತನ್ನ ಕೈಯಲ್ಲಿದ್ದ ಖರ್ಜೂರವನ್ನೂ ತಿಂದ.

ಆಮೇಲೆ ನಮ್ಮ ಕಟ್ಟೆಗೆ ಬಂದು ಕೂತ. "ಚನ್ನಬಸಣ್ಣ, ಆಕಿಗೆ ತಿಳಿದ್ರ ಬದಲಿ ರೋಜಾ ಹಿಡೀತಾಳ. ಹಿಡದ್ರ ಉಳಿಯಂಗಿಲ್ಲ" ಎಂದ. ಮನೆಮನೆಗೆ ಹೋಗಿ ಯಾರೂ ಆಕೆಗೆ ಹೇಳಬೇಡಿರೆಂದು ಕೈ ಮುಗಿದ. ಓಣಿ ಬಾಯಿ ಕಟ್ಟಿಕೊಂಡಿತು. ಚಹಾದಂಗಡಿಯಲ್ಲಿ ಒಬ್ಬ ಮಾತ್ರ "ಮಾಡಿದ್ದುಣ್ಣೋ ಮಹಾರಾಯ" ಎಂದು ನಕ್ಕ. ಅವನ ಅಂಗಿ ಹಿಡಿದದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಹಬ್ಬವಾದ ಮೇಲೆ, ಅವತ್ತು ಮೊದಲೇ ಬಿಟ್ಟವರೆಲ್ಲ ಒಂದು ದಿನ ರೋಜಾ ಹಿಡಿದು ತೀರಿಸಿದರು. ಗುಡುಸಾಬನೂ ಹಿಡಿದ, ಅಂಗಡಿಯಲ್ಲೇ ಉಣ್ಣುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ.

ಬಿಸಿಲು ಕೆಂಡವಾಗಿದ್ದ ದಿನಗಳಲ್ಲಿ ಸುಗ್ರಾಬಿ ಹಾಸಿಗೆ ಹಿಡಿದಳು, ವಾರದೊಳಗೆ ತೀರಿಕೊಂಡಳು. ಗುಡುಸಾಬ ಅಳಲಿಲ್ಲ. ಮೌಲ್ವಿಯವರ ಹತ್ತಿರ ಹೋಗಿ, ಹೆಂಡತಿಯ ಮೇಲೆ ಒಂದು ರೋಜಾ ಉಳಿದಿದೆ, ಏನು ಮಾಡಲಿ ಎಂದು ಕೇಳಿದ. ಒಬ್ಬ ಬಡವನಿಗೆ ಎರಡು ಹೊತ್ತು ಉಣಿಸು, ಸಾಕು ಎಂದರು. ಒಬ್ಬನಿಗೆ ಉಣಿಸಿದ. ಮರುದಿನ ಇನ್ನೊಬ್ಬನನ್ನು ಕರೆತಂದ. ಅದರ ಮರುದಿನವೂ. ಸಾಕೆಂದು ಮೌಲ್ವಿಯವರೇ ಹೇಳಿದರೂ ನಿಲ್ಲಿಸಲಿಲ್ಲ. ತಾನು ಮಾತ್ರ ಸರಿಯಾಗಿ ಉಣ್ಣುತ್ತಿರಲಿಲ್ಲ, ಅಂಗಡಿಯ ಬಾಗಿಲು ಒಂದು ದಿನ ತೆಗೆದರೆ ನಾಲ್ಕು ದಿನ ಮುಚ್ಚಿರುತ್ತಿತ್ತು. ಬರಿಗೈಯಲ್ಲಿ ಕಳಿಸಿಬಿಟ್ಟೆ ಆಕೆಯನ್ನು ಎಂಬುದೊಂದೇ ಮಾತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೇ ಹೇಳುತ್ತಿದ್ದೆ. ನನ್ನ ಹೆಂಡತಿ ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಗ್ರಾಬಿಗೆ ಎಲ್ಲ ಗೊತ್ತಿತ್ತಂತೆ. ಖರ್ಜೂರ ಬಾಯಿಗಿಟ್ಟ ಮೇಲೆ ಗೋಡೆಯ ಮೇಲಿನ ಬಿಸಿಲು ಕಣ್ಣಿಗೆ ಬಿದ್ದಿತ್ತಂತೆ. ಗಂಡ ಎದೆ ಒಡೆದುಕೊಂಡಾನೆಂದು ಸುಮ್ಮನಿದ್ದಳು. ಹಾಸಿಗೆ ಹಿಡಿಯುವ ಹಿಂದಿನ ದಿನ, ಗಂಡ ಬಡಿಸಿಟ್ಟು ಹೋದ ಊಟವನ್ನು ಹಿತ್ತಲ ಗೋಡೆಯ ಮೇಲಿಂದ ಕಸ್ತೂರೆವ್ವನ ಕೈಗೆ ಕೊಟ್ಟು, ಬದಲಿ ರೋಜಾ ಹಿಡಿದಿದ್ದಳು. ಗುಳಿಗೆಯನ್ನೂ ನುಂಗಿರಲಿಲ್ಲ.

ನಾನು ಉರಿದೆದ್ದೆ. ಬೇಡ ಅನ್ನಲಿಕ್ಕೆ ನಿನಗೇನಾಗಿತ್ತು ಎಂದು ಕೂಗಾಡಿದೆ. ಕಸ್ತೂರೆವ್ವ ಕೂಗಲಿಲ್ಲ. "ಕಾಲು ಹಿಡದ್ಲು ರೀ. ನೀವಾದ್ರ ಒಲ್ಲೆ ಅಂತಿದ್ರೇನು?" ಎಂದಳು.

ಗುಡುಸಾಬನಿಗೆ ಹೇಳಬೇಕೋ ಬೇಡವೋ? ಹೇಳಿದರೆ ಆಕೆಯ ರೋಜಾ ತೀರಿದೆ ಎಂಬ ಸಮಾಧಾನ ಸಿಗುತ್ತದೆ, ಅದರ ಜೊತೆಗೇ ಆಕೆ ಯಾತರಿಂದ ಸತ್ತಳೆಂಬುದೂ ಗೊತ್ತಾಗುತ್ತದೆ. ಡಾಕ್ಟರು ಅದರಿಂದಲೇ ಎಂದು ಹೇಳಿರಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ನಾಲ್ಕು ದಿನ ನಾವು ಗಂಡ ಹೆಂಡತಿ ಇದನ್ನೇ ಹಿಂದೆ ಮುಂದೆ ಹಾಕಿದೆವು. ಐದನೆಯ ದಿನ, ಗುಡುಸಾಬ ಮತ್ತೊಬ್ಬ ಭಿಕ್ಷುಕನಿಗೆ ಬಡಿಸಿ ತಾನು ಬರೀ ನೀರು ಕುಡಿದು ಕೂತದ್ದನ್ನು ನೋಡಿ ಕಸ್ತೂರೆವ್ವ ಎದ್ದು ಹೋದಳು. ನಾನೂ ಹಿಂದೆ ಹೋದೆ. ಆಕೆ ಒಂದನ್ನೂ ಮುಚ್ಚಿಡದೆ ಹೇಳಿದಳು.

ಅವತ್ತು ಗುಳಿಗೆ ನುಂಗಿರಲಿಲ್ಲವೇ ಎಂದು ಗುಡುಸಾಬ ಮತ್ತೊಮ್ಮೆ ಕೇಳಿದ. ಇಲ್ಲ ಎಂದಳು. ತಲೆಯಾಡಿಸಿದ.

"ಆಕಿ ರೋಜಾ ಬಿಡೂ ಮುಂದ ಹೊತ್ತು ಪೂರಾ ಮುಣಿಗಿತ್ತೇನವಾ ತಂಗಿ?"

"ಮುಣಿಗಿತ್ತು ಅಣ್ಣಾ. ದೇವರ ಮುಂದ ದೀಪಾ ಹಚ್ಚಿ, ಆಮ್ಯಾಲೆ ನಾನ ನೀರು ಒಯ್ದು ಕೊಟ್ಟೆ. ಆಜಾನ್ ಸೈತ ಆಗಿತ್ತು. ಆದ್ರೂ ಆಕಿ ತಂಬಿಗಿ ಕೈಯಾಗ ಹಿಡಕೊಂಡು, ಇನ್ನಾ ಹತ್ತು ನಿಮಿಷ ತಡಿಯೋಣು ಅಂದ್ಲು."

"ತಡಿಯೋಣು ಅಂದ್ಲಾ" ಎಂದ ಗುಡುಸಾಬ. ಮಣ್ಣು ಕೊಟ್ಟ ದಿನವೂ ಅಳದವನು ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡ.

"ನಲವತ್ತು ವರ್ಷ ನಾ ಹೇಳಿದ ವ್ಯಾಳ್ಯಾ ಖರೆ ಹೌದೋ ಅಲ್ಲೋ ಅಂತ ಒಂದು ದಿನಾನೂ ಕೇಳಿದಾಕಿ ಅಲ್ಲ, ತಂಗಿ" ಎಂದ.