ನಾದಿನಿಯ ಸ್ಕ್ಯಾನುಗಳು

ತೆಲುಗು ಮಾತಾಡುವ ಈ ಮಹಾನಗರದಲ್ಲಿ, ಮಣಿಕೊಂಡ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ನಾವು ಮೂರೇ ಜನ. ನಾನು, ನನ್ನ ಗಂಡ, ಅವರ ತಂಗಿ. ನಾದಿನಿ ಮದುವೆಯಾದವಳಲ್ಲ. ಅಬಿಡ್ಸ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ನಾನು ಧಾರವಾಡದಿಂದ ಸೊಸೆಯಾಗಿ ಬಂದ ದಿನದಿಂದ ನಾವಿಬ್ಬರೂ ಒಂದೇ ಸೂರಿನ ಕೆಳಗಿದ್ದೇವೆ. ಜಗಳವಾಡಿದ್ದು ಕಡಿಮೆ, ಹತ್ತಿರವಾದದ್ದೂ ಕಡಿಮೆ. ಆಕೆಯ ತಾಟು, ಲೋಟ, ಚಮಚ ಬೇರೆ. ತಾನೇ ತೊಳೆದು, ಒರೆಸಿ, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ನನ್ನ ಕೈ ತಾಗಬಾರದೆಂದು ಹೀಗೆ ಮಾಡುತ್ತಾಳೆ ಎಂದುಕೊಂಡು ಹೊಸದರಲ್ಲಿ ಅತ್ತಿದ್ದೆ. ಆಮೇಲೆ ಅದೂ ರೂಢಿಯಾಯಿತು.

ಆಕೆಗೆ ನುಂಗಲು ತ್ರಾಸಾಗುತ್ತಿದೆ ಎಂದು ನನಗೆ ತಡವಾಗಿ ತಿಳಿಯಿತು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದಳು. ಹಲ್ಲು ನೋವಿರಬೇಕು ಎಂದುಕೊಂಡೆ. ಆಮೇಲೆ ರೊಟ್ಟಿ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ. ಒಂದು ಮಧ್ಯಾಹ್ನ ಊಟದ ಮೇಜಿನಿಂದ ಎದ್ದು ಬಚ್ಚಲಿಗೆ ಓಡಿದಳು. ನಾನೂ ಹಿಂದೆಯೇ ಹೋದೆ.

"ಏನಾತು?"

"ಗಂಜಿನೂ ಇಳಿವಲ್ದು ವೈನಿ. ಇಲ್ಲೆ ನಿಂತಂಗ ಆಗತೈತಿ," ಎಂದು ಎದೆಯ ನಡುವೆ ಬೆರಳಿಟ್ಟು ತೋರಿಸಿದಳು.

"ಎಷ್ಟ ದಿನದಿಂದ?"

"ದೀಪಾವಳಿ ಮುಂದಿಂದ."

ಆಗ ಯುಗಾದಿ ಹತ್ತಿರ ಬಂದಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆಯ ರವಿಕೆಯ ತೋಳು ಎಷ್ಟು ಸಡಿಲವಾಗಿದೆ ಎಂಬುದು ಆಗಲೇ ಕಣ್ಣಿಗೆ ಬಿದ್ದದ್ದು.

ಗಚ್ಚಿಬೌಲಿ ಕಡೆಯ ಒಂದು ಆಸ್ಪತ್ರೆಯಲ್ಲಿ ಬಾಯಿಯಿಂದ ನಳಿಗೆ ಇಳಿಸಿ ನೋಡಿದರು. ಅನ್ನನಾಳದ ಕೆಳಭಾಗದಲ್ಲಿ ಗಡ್ಡೆ ಇತ್ತು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದು ಬಂತು. ಮನೆಯಲ್ಲಿ ಯಾರೂ ಅಳಲಿಲ್ಲ. ನನ್ನ ಗಂಡ ಟಿವಿ ಆರಿಸಿ ಬಾಲ್ಕನಿಗೆ ಹೋಗಿ ನಿಂತರು. ನಾದಿನಿ ಒಣಗಿದ ಬಟ್ಟೆ ಮಡಿಸುತ್ತಾ ಕೂತಳು.

ಅಲ್ಲಿಗೆ ಮುಗಿಯುತ್ತದೆ, ಇನ್ನು ಔಷಧಿ ಶುರುಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಆದರೆ ಡಾಕ್ಟರು, ರೋಗ ಯಾವ ಹಂತದಲ್ಲಿದೆ ಎಂದು ಗೊತ್ತಾಗದೆ ಏನೂ ಮಾಡಲಾಗದು ಎಂದರು. ಗಡ್ಡೆ ಅನ್ನನಾಳದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ಗ್ರಂಥಿಗಳಿಗೆ ತಗುಲಿದೆಯೇ, ದೂರದ ಅಂಗಗಳಿಗೆ ಹಾರಿದೆಯೇ, ಈ ಮೂರೂ ತಿಳಿಯಬೇಕು. ಯಾವ ಒಂದು ಸ್ಕ್ಯಾನೂ ಮೂರನ್ನೂ ಹೇಳುವುದಿಲ್ಲವಂತೆ. ಹಾಗೆ ನಮ್ಮ ಓಡಾಟ ಶುರುವಾಯಿತು. ಕ್ಯಾಬಿಗೆ ಕಾಯುವುದು, ಟ್ರಾಫಿಕ್ಕಿನಲ್ಲಿ ಕಾಯುವುದು, ಆಸ್ಪತ್ರೆಯ ಕುರ್ಚಿಯಲ್ಲಿ ಕಾಯುವುದು. ನನ್ನ ಗಂಡನಿಗೆ ಮಂಡಿನೋವು. ಹೆಚ್ಚಿನ ದಿನಗಳಲ್ಲಿ ಹೋಗುತ್ತಿದ್ದವಳು ನಾನೇ.

ಮೊದಲು ಸಿಟಿ ಸ್ಕ್ಯಾನ್. ಅದಕ್ಕೂ ಮುಂಚೆ ಡಾಕ್ಟರು ತೆಲುಗಿನಲ್ಲಿ ಹಳೆಯ ಕಾಯಿಲೆಗಳನ್ನೆಲ್ಲ ಕೇಳಿದರು. ಬಿಪಿ, ಶುಗರ್, ಥೈರಾಯ್ಡ್. "ಇಂತಕು ಮುಂದು ಟಿಬಿ ಏಮೈನಾ ವಚ್ಚಿಂದಾ ಅಮ್ಮಾ?" ಹಿಂದೆಂದಾದರೂ ಟಿಬಿ ಬಂದಿತ್ತೇ ಎಂದು. ನಾದಿನಿ ಇಲ್ಲವೆಂದು ತಲೆಯಾಡಿಸಿ, "ಲೇದು," ಎಂದಳು. ಅಷ್ಟೇ. ನಾನು ಪಕ್ಕದಲ್ಲೇ ಇದ್ದೆ, ನನಗೇನೂ ಅನ್ನಿಸಲಿಲ್ಲ.

ಸಿಟಿ ಮುಗಿಸಿ ಹೊರಗೆ ಬಂದವಳು, "ಸೂಜಿ ಹಾಕಿದ ಕೂಡಲೇ ಮೈಯೆಲ್ಲಾ ಬಿಸಿ ಆತ್ರಿ ವೈನಿ. ಬಟ್ಟಿ ತೋಯ್ತೇನೋ ಅಂತ ಅಂಜಿದೆ," ಎಂದಳು. ಸ್ಕ್ಯಾನಿನ ಬಣ್ಣದ ಔಷಧಿ ರಕ್ತಕ್ಕೆ ಹೋದಾಗ ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಎಂದು ನರ್ಸ್ ನಕ್ಕಳು. ಲಿವರ್, ಶ್ವಾಸಕೋಶ ಚೊಕ್ಕವಾಗಿವೆ ಎಂದು ಬಂತು. ಗಡ್ಡೆಯ ಪಕ್ಕದ ಒಂದು ಗ್ರಂಥಿ ಉಬ್ಬಿತ್ತು.

ಆಮೇಲೆ ಪೆಟ್ ಸ್ಕ್ಯಾನ್. ಬೆಳಗಿನಿಂದ ಉಪವಾಸ. ಸಕ್ಕರೆಯಂಥದೊಂದು ಔಷಧಿಗೆ ಸ್ವಲ್ಪ ವಿಕಿರಣ ಬೆರೆಸಿ ನರಕ್ಕೆ ಕೊಡುತ್ತಾರೆ. ಕ್ಯಾನ್ಸರಿಗೆ ಸಕ್ಕರೆಯ ಹಸಿವು ಹೆಚ್ಚು, ಅದು ಇರುವಲ್ಲೆಲ್ಲ ಔಷಧಿ ಸೇರಿ ಚಿತ್ರದಲ್ಲಿ ಹೊಳೆಯುತ್ತದೆ. ಕೊಟ್ಟಮೇಲೆ ಒಂದು ಕೋಣೆಯಲ್ಲಿ ಒಬ್ಬಳೇ, ಮಾತಿಲ್ಲದೆ, ಅಲುಗದೆ ಕೂತಿರಬೇಕು. ಹೊರಗೆ ನನ್ನ ಪಕ್ಕದಲ್ಲಿ ಕಲಬುರಗಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಕಟ್ಟಡದ ಕೆಲಸಕ್ಕೆಂದು ಬಂದವರಂತೆ, ಒಳಗೆ ಆಕೆಯ ಗಂಡ ಇದ್ದ. "ನೀವೂ ನಮ್ಮ ಕಡಿಯವರೇನ್ರಿ?" ಎಂದಳು. ಹೌದೆಂದೆ. ಅದಕ್ಕಿಂತ ಹೆಚ್ಚು ಮಾತಾಡಲು ಇಬ್ಬರಿಗೂ ತ್ರಾಣವಿರಲಿಲ್ಲ. ಆಕೆ ನನ್ನ ಹೆಗಲಿಗೆ ತಲೆ ತಾಗಿಸಿ ನಿದ್ದೆ ಹೋದಳು, ನಾನು ಸರಿಸಲಿಲ್ಲ.

ರಿಪೋರ್ಟ್ ದಿನ ನನ್ನ ಗಂಡನೂ ಬಂದರು. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನಾದಿನಿಯ ದೇಹ ಬೂದಿ ಬಣ್ಣದಲ್ಲಿ ನಿಂತಿತ್ತು. ತಲೆ ಪೂರ್ತಿ ಹೊಳೆಯುತ್ತಿದ್ದುದನ್ನು ನೋಡಿ, ತಲೆಗೂ ಹೋಗಿದೆಯೇ ಎಂದು ಕೇಳಿಬಿಟ್ಟೆ. "ಮೆದುಳು, ಮೂತ್ರಚೀಲ ಎಲ್ಲರದೂ ಹೀಗೇ ಇರುತ್ತದೆ, ಅದನ್ನು ಬಿಡಿ," ಎಂದು ತೆಲುಗಿನಲ್ಲೇ ಹೇಳಿದರು. ಬೆರಳು ಕೆಳಗೆ ತಂದು ಗಡ್ಡೆ ತೋರಿಸಿದರು, ಅದರ ಪಕ್ಕದ ಗ್ರಂಥಿ ತೋರಿಸಿದರು. ಆಮೇಲೆ ಬೆರಳು ಮೇಲಕ್ಕೆ ಹೋಯಿತು. ಶ್ವಾಸನಾಳದ ಅಕ್ಕಪಕ್ಕ ಎರಡು ಚುಕ್ಕೆಗಳು.

"ಇವು ಗಡ್ಡೆಯಿಂದ ದೂರ ಇವೆ. ಇವೂ ಕ್ಯಾನ್ಸರೇ ಆಗಿದ್ದರೆ ರೋಗ ಬಹಳ ಹಬ್ಬಿದೆ ಅಂತ ಅರ್ಥ. ಆಗ ಆಪರೇಷನ್ ಕಷ್ಟ," ಎಂದರು.

ನನ್ನ ಗಂಡ ಎರಡು ಸಲ ಕೆಮ್ಮಿದರು. ಆಮೇಲೆ ತೆಲುಗಿನಲ್ಲಿ, ಇವಳಿಗೆ ಸಣ್ಣ ವಯಸ್ಸಿನಲ್ಲಿ ಟಿಬಿ ಆಗಿತ್ತು, ವರ್ಷದ ಮೇಲೆ ಔಷಧಿ ತಗೊಂಡಿದ್ದಾಳೆ ಎಂದರು.

ನಾದಿನಿ ಥಟ್ಟನೆ ಅಣ್ಣನ ಕಡೆ ತಿರುಗಿದಳು. "ಅಣ್ಣಾ, ಯಾಕ ಹೇಳಿದಿ?"

"ಹೇಳ್ದಿದ್ರ ಹೆಂಗ ಆಗತೈತಿ? ನಿನ್ನ ಜೀವದ ಮಾತೈತಿ."

"ಅವ್ವಗ ಆಣಿ ಮಾಡಿದ್ದಿ."

"ಅವ್ವ ಹೋಗಿ ಎಷ್ಟ ವರ್ಷ ಆತು!"

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಮೂವರ ಮುಖವನ್ನೂ ನೋಡಿದರು. ನಂತರ ಹಳೆಯ ಸಿಟಿ ಚಿತ್ರವನ್ನು ಮತ್ತೆ ತೆರೆದು, ಆ ಎರಡು ಗ್ರಂಥಿಗಳಲ್ಲಿ ಸುಣ್ಣ ಕಟ್ಟಿದಂಥ ಬಿಳಿ ಕಲೆ ಇದೆ, ಟಿಬಿಯ ಗಂಟುಗಳೂ ಪೆಟ್‌ನಲ್ಲಿ ಹೀಗೆ ಹೊಳೆಯುವುದುಂಟು ಎಂದರು. "ಹೇಳಿದ್ದು ಒಳ್ಳೆಯದಾಯಿತು. ಆದರೆ ಅಂದಾಜಿನ ಮೇಲೆ ನಾನು ಮುಂದುವರಿಯೋದಿಲ್ಲ. ಸೂಜಿ ಹಾಕಿ ನೋಡಲೇಬೇಕು."

ಮನೆಗೆ ಬಂದೆವು. ನಾದಿನಿ ಕೋಣೆಗೆ ಹೋದಮೇಲೆ ನಾನು ಗಂಡನನ್ನು ಕೇಳಿದೆ. "ಇಷ್ಟ ವರ್ಷ ನನಗ್ಯಾಕ ಹೇಳಲಿಲ್ರಿ?"

"ನೀ ಕೇಳಲಿಲ್ಲಲ್ಲ," ಎಂದರು. ಜಗಳ ತೆಗೆಯುವಷ್ಟು ಕಸುವು ನನ್ನಲ್ಲಿರಲಿಲ್ಲ. ಕುಕ್ಕರ್ ಇಟ್ಟೆ.

ಮರುದಿನ ಬೆಳಿಗ್ಗೆ ಆಕೆ ತಾನಾಗಿ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಸಾರಿಗೆ ಬೇಳೆ ಮಸೆಯುತ್ತಿದ್ದೆ. ಕೇಳದೆಯೇ ಹೇಳಿದಳು. ಮದುವೆ ಗೊತ್ತಾಗಿತ್ತಂತೆ. ಸೀರೆಯೂ ಬಂದಿತ್ತಂತೆ. ಅಷ್ಟರಲ್ಲಿ ಜ್ವರ, ಕೆಮ್ಮು, ಕಫದಲ್ಲಿ ರಕ್ತ. ನನ್ನ ಅತ್ತೆ ಊರವರಿಗೆಲ್ಲ, ಮಗಳು ಟೈಪಿಂಗ್ ಕಲಿಯಲು ಹೋಗಿದ್ದಾಳೆ ಎಂದು ಹೇಳಿ ಆಕೆಯನ್ನು ಬೀದರಿನ ಸೋದರತ್ತೆಯ ಮನೆಗೆ ಕಳಿಸಿದರಂತೆ. ಗಂಡಿನವರಿಗೆ ಹೇಗೋ ಸುಳಿವು ಸಿಕ್ಕಿತು, ಸಂಬಂಧ ಮುರಿಯಿತು. ಆಕೆಗೆ ಮದುವೆ ಬೇಡವಾಗಿತ್ತು ಎಂದೇ ಈ ಮನೆಯಲ್ಲಿ ನಾನು ಕೇಳಿದ್ದ ಕತೆ.

"ಆರಾಮ ಆಗಿ ಬಂದ ಮ್ಯಾಲೂ ಅವ್ವ, ತಾಟು ಲೋಟ ಬ್ಯಾರೆ ಇಟ್ಕೋ ಅಂದ್ಲು. ನೀವು ಹೊಸದಾಗಿ ಬಂದಾಕಿ, ನಿಮಗ ಹತ್ತಬಾರದಂತ ನಾನೂ ಇಟ್ಕೊಂಡೆ. ಆಮ್ಯಾಲ ಸಾಕು ಬಿಡು ಅಂತ ಯಾರೂ ಹೇಳ್ಲಿಲ್ರಿ ವೈನಿ."

ನಾನು ಬೇಳೆ ಮಸೆಯುವುದನ್ನು ನಿಲ್ಲಿಸಿದೆ. ಬೇಳೆಯ ತಿಳಿಯನ್ನು ಬಸಿದು ನನ್ನದೇ ಲೋಟದಲ್ಲಿ ಹಾಕಿ ಕೊಟ್ಟೆ. ಆಕೆ ಲೋಟವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಗುಟುಕು ಗುಟುಕಾಗಿ, ಪ್ರತಿ ಗುಟುಕಿಗೂ ಕಣ್ಣು ಮುಚ್ಚಿ, ಕುಡಿದಳು.

ಮತ್ತೆ ಆಸ್ಪತ್ರೆ. ಮತ್ತೆ ಉಪವಾಸ. ಮಂಪರು ಬರಿಸಿ ಶ್ವಾಸನಾಳದೊಳಗೆ ನಳಿಗೆ ಇಳಿಸಿ ಆ ಗ್ರಂಥಿಗಳಿಂದ ಸೂಜಿಯಲ್ಲಿ ಒಂದಿಷ್ಟು ತೆಗೆದರು. ಅದೇ ಸಲ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಇನ್ನೊಂದು ನಳಿಗೆಯನ್ನು ಅನ್ನನಾಳಕ್ಕೆ ಇಳಿಸಿ, ಗಡ್ಡೆ ಗೋಡೆಯ ಎಷ್ಟು ಪದರ ದಾಟಿದೆ ಎಂದು ನೋಡಿದರು. ದಾರಿ ಎಷ್ಟು ಕಿರಿದಾಗಿತ್ತೆಂದರೆ ತೆಳ್ಳನೆಯ ನಳಿಗೆಯೂ ಒದ್ದಾಡಿಕೊಂಡೇ ಹೋಯಿತಂತೆ. ಎಚ್ಚರವಾದಾಗ ಆಕೆಗೆ ಗಂಟಲು ಕೂತಿತ್ತು. "ಇನ್ನ ಎಷ್ಟ ನೋಡತಾರ ವೈನಿ? ಒಳಗ ನೋಡೂದು ಏನ ಉಳದೈತಿ?" ಎಂದಳು. ಆಕೆ ಗೊಣಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಫಲಿತಾಂಶಕ್ಕೆ ಕಾದ ದಿನಗಳಲ್ಲಿ ನನಗೆ ಯಾವ ಆಸೆಯೂ ಇರಲಿಲ್ಲ, ಯಾವ ಹೆದರಿಕೆಯೂ ಇರಲಿಲ್ಲ. ದೇಹಕ್ಕೆ ಬೇಕಾಗಿದ್ದು ನಿದ್ದೆ ಒಂದೇ. ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಗೋಡೆಗೆ ಒರಗಿ ತೂಕಡಿಸುತ್ತಿದ್ದೆ.

ಮೇಲಿನ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಹಳೆಯ ಟಿಬಿಯದೇ ಗಂಟು, ಈಗ ಜೀವಂತ ಸೋಂಕೂ ಇಲ್ಲ ಎಂದರು. ಗಡ್ಡೆ ಗೋಡೆಯ ಹೊರ ಪದರದವರೆಗೂ ಬಂದಿತ್ತು, ಪಕ್ಕದ ಗ್ರಂಥಿಗೂ ತಗುಲಿತ್ತು. ಮೂರನೇ ಹಂತ. ಮೊದಲು ಕೀಮೋ ಮತ್ತು ವಿಕಿರಣ, ಆಮೇಲೆ ಇನ್ನೊಮ್ಮೆ ಸ್ಕ್ಯಾನ್, ಎಲ್ಲ ಸರಿಯಿದ್ದರೆ ಆಪರೇಷನ್. ಮೂರನೇ ಹಂತ ಎಂಬ ಮಾತಿಗೆ ಒಂದು ಮನೆ ಹಗುರಾಗುವುದುಂಟು ಎಂದು ಅದಕ್ಕೆ ಮುಂಚೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನನ್ನ ಗಂಡ ಕಾರಿಡಾರಿನಲ್ಲಿ ತಂಗಿಯ ಕೈ ಹಿಡಿದುಕೊಂಡು ನಿಂತರು. ಆಕೆ, "ಬಿಡೋ ಅಣ್ಣಾ, ಮಂದಿ ನೋಡಾಕತ್ತಾರ," ಎಂದಳು, ಆದರೆ ಕೈ ಎಳೆದುಕೊಳ್ಳಲಿಲ್ಲ.

ಮುಂದಿನದನ್ನು ಉದ್ದಕ್ಕೆ ಹೇಳಲಾರೆ. ಬೇಸಿಗೆಯೆಲ್ಲ ಆ ಚಿಕಿತ್ಸೆಯಲ್ಲಿ ಹೋಯಿತು. ಕೂದಲು ಹೋಯಿತು, ಚರ್ಮ ಕಪ್ಪಾಯಿತು. ಮೂಗಿನ ನಳಿಗೆಯಲ್ಲಿ ಹಾಲು, ಗಂಜಿ ಬಿಡುವುದನ್ನು ನಾನು ಕಲಿತೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಪರೇಷನ್ ಆಯಿತು. ಅನ್ನನಾಳದ ಕೆಟ್ಟ ಭಾಗ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಜೋಡಿಸಿದರು. ಈಗ ಆಕೆ ಒಂದು ಹಿಡಿ ಉಂಡರೆ ಸಾಕಾಗುತ್ತದೆ, ಅದನ್ನೇ ದಿನಕ್ಕೆ ಹಲವು ಸಲ ಉಣ್ಣಬೇಕು. ಚಪ್ಪಟೆಯಾಗಿ ಮಲಗುವಂತಿಲ್ಲ. ಆಕೆಯ ಹಾಸಿಗೆಯ ತಲೆಗಡೆ ದಿಂಬು ಪೇರಿಸಿ ಪೇರಿಸಿ ನನ್ನ ಬೆನ್ನು ಹಿಡಿದುಕೊಂಡಿದೆ.

ಸ್ಕ್ಯಾನುಗಳು ನಿಂತಿಲ್ಲ, ಕೆಲವು ತಿಂಗಳಿಗೊಮ್ಮೆ ಹೋಗುತ್ತೇವೆ. ಕಳೆದ ಸಲದ್ದು ಚೊಕ್ಕವಾಗಿ ಬಂತು. "ಸದ್ಯಕ್ಕೆ ಏನೂ ಇಲ್ಲ," ಎಂದರು ಡಾಕ್ಟರು. ಆ ಸದ್ಯಕ್ಕೆ ಎಂಬುದನ್ನು ನಾವಿಬ್ಬರೂ ಕೇಳಿಸಿಕೊಂಡೆವು, ಮತ್ತೆ ಅದರ ಮಾತು ತೆಗೆಯಲಿಲ್ಲ. ವಾಪಸು ಬರುವಾಗ ಆಕೆ ಕ್ಯಾಬಿನ ಮುಂದಿನ ಸೀಟಿನಲ್ಲಿ ಕೂತಳು. ಗಾಳಿ ಬರಲಿ ಎಂದು ಕಿಟಕಿ ಇಳಿಸಿ, ನಿಮ್ಮೂರು ಯಾವುದು, ಮಕ್ಕಳೆಷ್ಟು ಎಂದು ಡ್ರೈವರನನ್ನು ತೆಲುಗಿನಲ್ಲಿ ಕೇಳತೊಡಗಿದಳು. ಅವನ ಉತ್ತರ ನನ್ನ ಕಿವಿಗೆ ಬೀಳಲಿಲ್ಲ. ಮನೆಯ ಗೇಟಿನ ಹತ್ತಿರ ಆಕೆಯೇ ಹಿಂದಕ್ಕೆ ಬಾಗಿ ನನ್ನ ಮೊಣಕಾಲು ಅಲುಗಿಸಿ, "ವೈನಿ, ಏಳ್ರಿ, ಮನಿ ಬಂತು," ಎಂದಳು.